ದೋಣಿಯವಳ ಅಮ್ಮ

ಮನೆಯಿಂದ,
ಸೋಮವಾರ, ಮಧ್ಯಾಹ್ನದ ಊಟವಾದ ಮೇಲೆ

ಪ್ರೀತಿಯ ಕಂದಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಎಂಜಿನ್ ಕೋಣೆಯ ಸೆಖೆಯಲ್ಲಿ ಬೆಂದು ಮೇಲೆ ಬಂದವನು ಕೂಡಲೇ ತಣ್ಣೀರು ಕುಡಿಯಬೇಡವೆಂದು ಹೇಳಿ ಹೇಳಿ ನನ್ನ ಬಾಯಿ ಸವೆದಿದೆ, ನಿನ್ನ ಕಿವಿ ಮಾತ್ರ ಹೊಸದಾಗಿಯೇ ಇದೆ. ಫೋನಿನಲ್ಲಿ ಕೇಳಿದರೆ ನೀನು "ಹೂಂ", "ಪರವಾಗಿಲ್ಲ", "ಸಿಗ್ನಲ್ ಹೋಗ್ತಿದೆ" ಎಂಬ ಮಾತುಗಳಲ್ಲೇ ಸಂಸಾರ ಮುಗಿಸುತ್ತೀಯ. ಅದಕ್ಕೇ ಈ ಕಾಗದ. ಹಡಗಿನ ಕಂಪನಿಯ ಆಫೀಸಿನವರು ಮುಂದಿನ ಬಂದರಿನಲ್ಲಿ ನಿನ್ನ ಕೈಗೇ ತಲುಪಿಸುತ್ತೇವೆಂದು ಒಪ್ಪಿಕೊಂಡಿದ್ದಾರೆ.

ನಾವಿಬ್ಬರೂ ಇದ್ದೇವೆ. ಇರುವುದಕ್ಕೆ ಮೋಸವಿಲ್ಲ. ನನ್ನ ಹೊಲಿಗೆ ಅಂಗಡಿಗೆ ಯಾವುದೋ ಹೋಟೆಲಿನವರಿಂದ ಕಪ್ಪು ಪರದೆಗಳ ದೊಡ್ಡ ಕೆಲಸ ಬಂದಿದೆ. ಬೆಳಕೇ ಒಳಗೆ ಬರಬಾರದಂತೆ, ಅಷ್ಟು ದಪ್ಪ ಬಟ್ಟೆ. ಕಪ್ಪಿನ ಮೇಲೆ ಕಪ್ಪು ದಾರ ಓಡಿಸುವಾಗ ಹೊಲಿಗೆ ಎಲ್ಲಿ ಹೋಗುತ್ತಿದೆಯೆಂದು ಕಣ್ಣಿಗಿಂತ ಬೆರಳಿಗೇ ಚೆನ್ನಾಗಿ ತಿಳಿಯುತ್ತದೆ. ಅಪ್ಪನಿಗೆ ಮಂಡಿ ನೋವು ಇದ್ದೇ ಇದೆ. ಡಿಪೋದಲ್ಲಿ ರಿಪೇರಿಗೆಂದು ಬಸ್ಸಿನ ಕೆಳಗೆ ಮಲಗಿದರೆ ಏಳಲು ಇನ್ನೊಬ್ಬರ ಕೈ ಬೇಕು. ಆದರೂ ಡಾಕ್ಟರ ಹತ್ತಿರ ಹೋಗುವುದಿಲ್ಲ. ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ಈ ಜನ್ಮಕ್ಕೆ ಸಾಕಾಯಿತಂತೆ. ನಾನೂ ಒತ್ತಾಯ ಮಾಡುವುದಿಲ್ಲ.

ಹೋದ ವಾರ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ನಿಮ್ಮ ಆಟದ ಸೂತ್ರಧಾರ! ನೀವಿಬ್ಬರೂ ಮಾತು ಬಿಟ್ಟಂದಿನಿಂದ ಈ ಕಡೆ ತಲೆ ಹಾಕಿರದವನು. ತಲೆ ಎಂದೆನಲ್ಲ, ಕೂದಲು ಹೊಸ್ತಿಲು ದಾಟಿ ಹಿತ್ತಲಿಗೆ ಹೋಗಿಬಿಟ್ಟಿದೆ, ಪಾಪ. ಈಗ ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವ ಕೆಲಸವಂತೆ. ಒಳಗೆ ಬಾ ಎಂದರೆ ಬರಲಿಲ್ಲ. ಶಾಲೆಯಿಂದ ಹೊರಹಾಕಿಸಿಕೊಂಡ ಹುಡುಗನ ಹಾಗೆ ಹೊರಗೇ ನಿಂತು, "ಅಮ್ಮಾ, ಕರಿಹೊಳೆ ಸೀಮೆ ವಾಪಸ್ ಬರ್ತಿದೆ" ಎಂದ. ನನಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು.

ನೀನು ನಗಬೇಡ, ನನಗೆ ತಿಳಿದಷ್ಟನ್ನು ನನ್ನ ಮಾತಿನಲ್ಲೇ ಹೇಳುತ್ತೇನೆ. ಭಾನುವಾರವಾದರೆ ಸಾಕು, ನಮ್ಮ ಊಟದ ಮೇಜು ನಿಮ್ಮ ಪಾಲಾಗುತ್ತಿತ್ತು. ಆ ಆಟದಲ್ಲಿ ಸೂತ್ರಧಾರ ಕಥೆ ಹೇಳುವವನು. ನೀವೆಲ್ಲ ಕಥೆಯೊಳಗೆ ನಡೆಯುವವರು. ಅವನು "ಮುಂದೆ ಕಪ್ಪು ಹೊಳೆ, ಹಿಂದೆ ಕುದುರೆ ಸದ್ದು, ಏನ್ ಮಾಡ್ತೀರ?" ಎನ್ನುವುದು, ನೀವು ಏನೋ ಒಂದು ಹೇಳಿ ದಾಳ ಉರುಳಿಸುವುದು, ಅದು ಉರುಳುತ್ತ ಬಂದು ನನ್ನ ಒಲೆಯ ಕೆಳಗೆ ಸೇರುವುದು. ಕರಿಹೊಳೆ ಸೀಮೆಯ ಆ ಹೊಳೆ, ಆ ಕೋಟೆ, ಆ ಊರುಗಳೆಲ್ಲ ಅಂಗಡಿಯಲ್ಲಿ ಸಿಗುತ್ತಿದ್ದ ಪುಸ್ತಕಗಳಲ್ಲಿದ್ದವು. ಅದರೊಳಗೆ ಇರುವ ಜನ ಮಾತ್ರ ನಿಮ್ಮದೇ. ನೀನು ಕತ್ತಿ ಹಿಡಿದ ಸಿಡುಕ. ನಿನ್ನ ತಂಗಿ, ನಮ್ಮ ಪಿಟೀಲು, ದೋಣಿ ನಡೆಸುವವಳು.

ಹುಟ್ಟಿದಾಗ ಒಂದೇ ಶ್ರುತಿಯಲ್ಲಿ ಅಳುತ್ತಿದ್ದಳೆಂದು ಅವಳಿಗೆ ಪಿಟೀಲು ಎಂದು ಹೆಸರಿಟ್ಟವನು ನೀನೇ. ದೊಡ್ಡವಳಾದ ಮೇಲೆ ಅಳು ನಿಂತಿತು, ಮಾತು ಶುರುವಾಯಿತು. ಅವಳ ದೋಣಿಯವಳೂ ಹಾಗೇ. ಹೊಳೆ ದಾಟಿಸುವ ಕೂಲಿಗೆ ಒಂದು ಒಳ್ಳೆಯ ಸುಳ್ಳು ಹೇಳಬೇಕು, ಚೆನ್ನಾಗಿಲ್ಲದಿದ್ದರೆ ನಡುನೀರಿನಲ್ಲಿ ಹುಟ್ಟು ಎತ್ತಿಟ್ಟು ಕೂರುತ್ತಿದ್ದಳು. ಪಿಟೀಲಿಗೆ ಕಾಯಿಲೆ ಬಂದಮೇಲೆ ಮೇಜನ್ನು ಬಿಟ್ಟು ನೀವೆಲ್ಲ ಆಸ್ಪತ್ರೆಯ ಮಂಚದ ಸುತ್ತ ಕೂತಿರಿ. ಸೂಜಿ ಚುಚ್ಚಲು ಬಂದ ನರ್ಸ್‌ಗೂ ಅವಳು "ಮೊದ್ಲು ಒಂದು ಸುಳ್ಳು ಹೇಳಿ, ಆಮೇಲೆ ಚುಚ್ಚಿ" ಎನ್ನುತ್ತಿದ್ದಳು. ಆ ನರ್ಸ್ "ನೋವೇ ಆಗಲ್ಲ" ಎಂದರೆ, "ಥೂ, ಇದು ಹಳೇ ಸುಳ್ಳು" ಎಂದು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಆಗಲೇ ಅಲ್ಲವೇ ಸೂತ್ರಧಾರ ಅವಳ ದೋಣಿಯವಳ ಬಗ್ಗೆ ಬರೆದು ಆ ಪುಸ್ತಕಗಳ ಕಂಪನಿಗೆ ಕಳಿಸಿದ್ದು? ಅವರು ಕೊನೆಯ ಪುಸ್ತಕದ ಒಂದು ಮೂಲೆಯಲ್ಲಿ ಅರ್ಧ ಪುಟ ಅಚ್ಚು ಹಾಕಿದರು. ವಾರ್ಡಿನಲ್ಲಿ ಆ ಅರ್ಧ ಪುಟ ನೋಡದವರು ಯಾರೂ ಉಳಿಯಲಿಲ್ಲ. ಕಸ ಗುಡಿಸುವಾಕೆಗೂ ಓದಿ ಹೇಳಿದಳು. ಅದಾದ ಮೇಲೆ ಕಂಪನಿ ಮುಚ್ಚಿತು. ಅವಳೂ ಹೋದಳು.

ಆಮೇಲಿನದು ನಿನಗೆ ಗೊತ್ತು. ಆದರೆ ನಾನು ಎಂದೂ ನಿನಗೆ ಹೇಳದ ಒಂದು ಮಾತಿದೆ. ಅವಳು ಹೋದಮೇಲೆ ನೀವೆಲ್ಲ ಮತ್ತೆ ಮೇಜಿಗೆ ಕೂತ ದಿನ ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಕಥೆಯಲ್ಲಿ ನೀವು ಹೊಳೆಯ ದಡಕ್ಕೆ ಬಂದಿರಿ. ಸೂತ್ರಧಾರ ದೋಣಿಯವಳಾಗಿ ಮಾತಾಡಿದ, "ಏನ್ರಪ್ಪಾ, ಇಷ್ಟ್ ದಿನ ಎಲ್ಲಿ ಸತ್ತಿದ್ರಿ?" ನಮ್ಮವಳದೇ ರಾಗ, ಕೊನೆಯಲ್ಲಿ ಅವಳದೇ ಎಳೆತ. ನೀನು ಮೇಜು ಒದ್ದು ಎದ್ದೆ. ಅವನ ಕೊರಳಪಟ್ಟಿ ಹಿಡಿದೆ. ಆ ಗದ್ದಲದಲ್ಲಿ ನೀನು ನನ್ನನ್ನು ನೋಡಲಿಲ್ಲ. ನೀನು ಮೇಜು ಒದೆಯುವ ಮೊದಲೇ ನಾನು ಕೈ ಒರೆಸಿಕೊಂಡು ಹೊರಗೆ ಬಂದಿದ್ದೆ, ಕಂದಾ. ಮಗಳು ಕೂಗಿದರೆ ಬರುವ ಹಾಗೆ.

ಇರಲಿ. ಈಗಿನ ಸುದ್ದಿ ಹೇಳುತ್ತೇನೆ. ಯಾವುದೋ ದೊಡ್ಡ ಕಂಪನಿ ಆ ಹಳೆಯ ಸೀಮೆಯನ್ನು ಕೊಂಡುಕೊಂಡಿದೆ. ಹೊಸ ಪುಸ್ತಕ ಬರುತ್ತದೆ, ಜೊತೆಗೆ ಧಾರಾವಾಹಿಯೂ ಬರುತ್ತದೆ. ಅದರ ಬಗ್ಗೆ ಮಾತಾಡಲು ಆಟದ ಹಳಬರು ಹೊಸಬರೆಲ್ಲ ಲೈಬ್ರರಿಯ ಮಹಡಿಯಲ್ಲಿ ಸೇರುತ್ತಾರೆ, ಕಂಪನಿಯ ಕಡೆಯವರೂ ಬರುತ್ತಾರೆ, ದೋಣಿಯವಳ ವಿಷಯವೂ ಬರಬಹುದು, ನೀವು ಬರ್ತೀರಾ ಎಂದು ಕೇಳಲು ಸೂತ್ರಧಾರ ಬಂದಿದ್ದ. ಅಪ್ಪ ಒಳಗಿನಿಂದಲೇ "ನಾ ಬರಲ್ಲ" ಎಂದರು. ಅವರನ್ನು ಯಾರೂ ಕೇಳಿರಲಿಲ್ಲ. ನಾನು ನಿನ್ನೆ ಒಳ್ಳೆಯ ಸೀರೆ ಉಟ್ಟು ಹೊರಟೆ. ಯಾಕೆ ಉಟ್ಟೆನೋ, ಮಗಳ ಶಾಲೆಯ ಸಭೆಗೆ ಹೋಗುವವಳ ಹಾಗೆ.

ಮಹಡಿಯ ಮೇಲೆ ಮಡಿಸುವ ಕುರ್ಚಿಗಳು, ಒಂದು ಪರದೆ, ಕೆಟ್ಟ ಚಹಾ. ಹೊಟ್ಟೆ ಬಂದ ಗಂಡಸರು ಹಳೆಯ ಪುಸ್ತಕಗಳನ್ನು ಪ್ಲಾಸ್ಟಿಕ್ ಹೊದಿಕೆ ಹಾಕಿ ಎಳೆಕೂಸಿನ ಹಾಗೆ ಎತ್ತಿಕೊಂಡು ಬಂದಿದ್ದರು. ಚಿಕ್ಕ ವಯಸ್ಸಿನವರು ಒಬ್ಬ ರಾಕ್ಷಸ, ಒಬ್ಬಳು ಮಾಟಗಾತಿ ಎಂದು ವೇಷ ಹಾಕಿಕೊಂಡು ಬಂದಿದ್ದರು. ಅಬ್ಬಾ, ಆ ಜಗಳವೇ! ಹೊಸ ನಕಾಶೆಯಲ್ಲಿ ಹೊಳೆ ಬೇರೆ ದಿಕ್ಕಿಗೆ ಹರಿಯುತ್ತದೆಂದು ಒಬ್ಬರಿಗೆ ಕಣ್ಣಲ್ಲಿ ನೀರೇ ಬಂತು. "ಹಳೇದನ್ನ ಮುಟ್ಟಬಾರದು" ಎಂದು ಒಂದು ಸಾಲು, "ಮುಟ್ಟದೇ ಇದ್ರೆ ಗೆದ್ದಲು ತಿನ್ನುತ್ತೆ, ನಿಮ್ಮ ಜೊತೆಗೇ ಮಣ್ಣಾಗುತ್ತೆ" ಎಂದು ಇನ್ನೊಂದು ಸಾಲು. ಒಬ್ಬ ಪೋಸ್ಟ್‌ಮ್ಯಾನ್, ಭಾನುವಾರವೂ ಸಮವಸ್ತ್ರದಲ್ಲೇ ಬಂದಿದ್ದವನು, ಎದ್ದು ಹೇಳಿದ: "ಕಂಪನಿ ಮುಚ್ಚಿದಾಗ ಸೀಮೆ ಸತ್ತೋಯ್ತು ಅಂತ ಅತ್ವಿ. ಈಗ ಎಬ್ಬಿಸ್ತಿದಾರೆ ಅಂತ ಅಳ್ತಿದೀವಿ. ನಮಗೆ ಬೇಕಾಗಿರೋದಾದ್ರೂ ಏನ್ ಸ್ವಾಮಿ?" ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಆಮೇಲೆ ಕಂಪನಿಯ ಕಡೆಯ ಹುಡುಗಿ ಪರದೆಯ ಮೇಲೆ ಧಾರಾವಾಹಿಯ ಚಿತ್ರಗಳನ್ನು ತೋರಿಸುತ್ತ ಬಂದಳು. ರಾಜ, ರಾಣಿ, ಕಳ್ಳ. ಆಮೇಲೆ ಹೊಳೆ, ದೋಣಿ, ಅದರಲ್ಲಿ ಒಬ್ಬಳು. ಚೆಲುವೆ, ತೆಳ್ಳಗೆ, ಕಲ್ಲಿನ ಹಾಗೆ ಗಂಭೀರ. "ಇವಳು ಮಾತೇ ಆಡಲ್ಲ. ಬರೀ ಕಣ್ಣಲ್ಲೇ ಅಭಿನಯ. ಮೂರನೇ ಕಂತಿನಲ್ಲಿ ನಾಯಕನನ್ನ ದಾಟಿಸಿ ಪ್ರಾಣ ಬಿಡ್ತಾಳೆ. ಅದರಿಂದಲೇ ಅವನಿಗೆ ಸೇಡಿನ ಕಿಚ್ಚು ಹತ್ತೋದು" ಎಂದಳು. ಸೂತ್ರಧಾರ ನನ್ನ ಪಕ್ಕವೇ ಕೂತಿದ್ದ. ಹಿಂದಿನ ಸಾಲಿನಿಂದ ಒಬ್ಬ, "ಒಳ್ಳೇದೇ ಆಯ್ತು ಬಿಡಿ, ಪುಸ್ತಕದಲ್ಲಿ ಅರ್ಧ ಪುಟ ಇದ್ದೋಳು, ಬರೀ ಬಡಬಡ" ಎಂದ. ಇನ್ನೊಬ್ಬ, "ಸಾವಾದ್ರೂ ಒಂದು ಅರ್ಥಕ್ಕೆ ಬಂತಲ್ಲ" ಎಂದ. ಅವರು ಕೆಟ್ಟವರಲ್ಲ. ತಮ್ಮ ಮನೆಯ ವಿಷಯ ಮಾತಾಡುವಷ್ಟು ಅಕ್ಕರೆಯಿಂದಲೇ ಮಾತಾಡುತ್ತಿದ್ದರು. ನಾನು ಎದ್ದು ನಿಂತೆ. ಕುರ್ಚಿ ಮಡಚಿಕೊಂಡು ಬಿತ್ತು.

"ಅವಳು ಸುಮ್ಮನಿರೋಳಲ್ಲ. ಬಾಯಿ ಮುಚ್ಚು ಅಂದ್ರೂ ಮುಚ್ಚಲ್ಲ. ಯಾರ ಸಿಟ್ಟಿಗೋಸ್ಕರಾನೂ ಅವಳು ಸಾಯಲ್ಲ" ಎಂದೆ. ಇಡೀ ಕೋಣೆ ನನ್ನ ಕಡೆ ತಿರುಗಿತು. ಕಂಪನಿಯ ಹುಡುಗಿ ಮೆತ್ತಗೆ, "ನೀವು ಯಾರಮ್ಮಾ?" ಎಂದಳು. ನಾನು ಹೇಳಿದೆ: "ನಾನು ಅವಳ ಅಮ್ಮ."

ನಕ್ಕರು, ಕಂದಾ. ಎಲ್ಲರೂ ನಕ್ಕರು. ವೇಷ ಹಾಕಿ ಬಂದವರ ಜೊತೆ ನಾನೂ ಒಂದು ವೇಷ ಎಂದುಕೊಂಡರು. ದೋಣಿಯವಳ ಅಮ್ಮನಾಗಿ ಬಂದಿದ್ದೇನೆಂದು. ಚಪ್ಪಾಳೆ ತಟ್ಟಿದರು. ರಾಕ್ಷಸನ ವೇಷದವನು ಬಿದ್ದ ಕುರ್ಚಿಯನ್ನು ಎತ್ತಿ ಬಿಡಿಸಿ, ತಲೆ ಬಾಗಿಸಿ, "ಸಖತ್ತಾಗಿ ಮಾಡಿದ್ರಿ ಆಂಟಿ" ಎಂದ. ಸೂತ್ರಧಾರ ಏನೋ ಕೂಗಿ ಹೇಳಲು ಎದ್ದ, ಅವನ ಅಂಗಿ ಜಗ್ಗಿ ಕೂರಿಸಿದೆ. ಯಾಕೆಂದು ಕೇಳಬೇಡ. ಆ ಕೋಣೆಯಲ್ಲಿ ನಗು ನಿಂತು ಎಲ್ಲರೂ ನನ್ನನ್ನು ಪಾಪ ಎಂದು ನೋಡುವುದು ನನಗೆ ಬೇಡವಾಗಿತ್ತು. ಪಾಪ ಎನ್ನುವ ಕಣ್ಣುಗಳನ್ನು ಬೇಕಾದಷ್ಟು ಕಂಡಿದ್ದೇನೆ. ನಗು ಕಂಡು ಬಹಳ ದಿನವಾಗಿತ್ತು. ಚಪ್ಪಾಳೆಗೆ ಕೈ ಮುಗಿದು ಕೂತುಕೊಂಡೆ.

ಆ ಹುಡುಗಿಗೆ ಮಾತ್ರ ಏನೋ ಹೊಳೆದಿರಬೇಕು, ಸೂತ್ರಧಾರನ ಮುಖ ಹಾಗಿತ್ತು. ಮುಗಿದ ಮೇಲೆ ಮೆಟ್ಟಿಲ ಹತ್ತಿರ ನಮ್ಮನ್ನು ನಿಲ್ಲಿಸಿದಳು. ಅವನು ಎಲ್ಲ ಹೇಳಿದ. ಎಲ್ಲ ಕೇಳಿ ಅವಳು, ಚಿತ್ರೀಕರಣ ಮುಗಿದುಹೋಗಿದೆ, ಇನ್ನೇನೂ ಮಾಡಲಾಗುವುದಿಲ್ಲ ಎಂದಳು. "ಆ ದೃಶ್ಯ ತುಂಬ ಚೆನ್ನಾಗಿ ಬಂದಿದೆ ಅಮ್ಮಾ. ತೆಗೆಯುವಾಗ ಎಲ್ಲರೂ ಅತ್ತರು. ನಾನೂ ಅತ್ತೆ." ಸಮಾಧಾನಕ್ಕೇ ಹೇಳಿದಳು. ಹೊಸ ಪುಸ್ತಕದಲ್ಲಿ ಇವಳನ್ನು ಮೊದಲು ಆಡಿಸಿದವರು ಇಂಥವರೆಂದು ಒಂದು ಸಾಲು ಹಾಕಿಸುತ್ತೇನೆ, ಹೆಸರು ಹೇಳಿ ಎಂದಳು. ನಾನು ಹೇಳಲಿಲ್ಲ. ದೋಣಿಯವಳನ್ನು ಕೊಟ್ಟಾಗಿದೆ, ಹೆಸರಾದರೂ ನಮ್ಮ ಮನೆಯಲ್ಲಿರಲಿ. ಸರಿಯೋ ತಪ್ಪೋ, ನೀನೇ ಹೇಳು. ನಿನಗೆ ಬೇರೆ ಅನ್ನಿಸಿದರೆ ಅವಳ ಫೋನ್ ನಂಬರು ಸೂತ್ರಧಾರನ ಹತ್ತಿರ ಇದೆ.

ಅವನು ಬಸ್ ಸ್ಟಾಪಿನವರೆಗೂ ಬಂದ. ದಾರಿಯಲ್ಲಿ, "ಅವತ್ತು ನಾನು ಅವಳ ಥರ ಮಾತಾಡಬಾರದಿತ್ತು ಅಮ್ಮಾ. ಸುಮ್ನಿದ್ರೆ ಅವಳು ಕಥೆಯಲ್ಲೂ ಹೋಗ್ಬಿಡ್ತಾಳೆ ಅನ್ನಿಸ್ತು" ಎಂದ. ಒಮ್ಮೆ ಅವಳ ಹಾಗೆ ಮಾತಾಡು ಎಂದು ಅವನನ್ನು ಕೇಳೋಣವೆಂದು ಬಾಯಿಯವರೆಗೂ ಬಂದಿತ್ತು. ಬಸ್ಸು ಬಂತು, ಹತ್ತಿಬಿಟ್ಟೆ. ಅವನ ಜೊತೆ ರಾಜಿಯಾಗೆಂದು ನಾನು ಬರೆಯುತ್ತಿಲ್ಲ. ಹರಿದ ಸ್ನೇಹಕ್ಕೆ ತೇಪೆ ಹಾಕುವುದು ನನಗೆ ಬರುವುದಿಲ್ಲ, ನಾನು ಹೊಸ ಬಟ್ಟೆ ಹೊಲಿಯುವವಳು. ಅವನು ನಿನ್ನನ್ನು ಕೇಳಿದ, ಅಷ್ಟು ಹೇಳಿದ್ದೇನೆ.

ಮನೆಗೆ ಬಂದರೆ ಅಪ್ಪ ಟಿವಿ ಹಾಕದೆ ಟಿವಿಯ ಮುಂದೆ ಕೂತಿದ್ದರು. ಚಪ್ಪಲಿ ಬಿಡುವ ಮೊದಲೇ ಕೇಳಿದರು, "ಅವಳ ಮಾತು ಇಟ್ಟಿದಾರಾ?" ಇಲ್ಲ ಎಂದೆ. ಎದ್ದು ಹೋಗಿ, ತೊಳೆದಿಟ್ಟಿದ್ದ ಲೋಟವನ್ನೇ ಮತ್ತೆ ತೊಳೆದರು. ನಲ್ಲಿ ಬಹಳ ಹೊತ್ತು ಹರಿಯಿತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬೆನ್ನಿಗೆ ಎಣ್ಣೆ ತಿಕ್ಕಲು ಯಾರಾದರೂ ಗೆಳೆಯರಿದ್ದರೆ ನಾಚಿಕೊಳ್ಳಬೇಡ. ನಿನ್ನ ಜೊತೆಯವರಿಗೆಲ್ಲ, ಹಡಗಿನ ಅಡುಗೆಯವರಿಗೂ, ನನ್ನ ನಮಸ್ಕಾರ ಹೇಳು. ಅಪ್ಪನ ಆಶೀರ್ವಾದವೂ ಇದರಲ್ಲಿ ಸೇರಿದೆ, ಅವರು ಹೇಳಿಲ್ಲ, ಆದರೆ ಇದೆ. ನೀನಿರುವ ನೀರು ಶಾಂತವಾಗಿರಲಿ.

ಇಂತಿ,
ನಿನ್ನ ಅಮ್ಮ

ತಾ.ಕ.: ಅಪ್ಪ ಅಂಚೆಗೆ ಹಾಕಲು ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಇಷ್ಟುದ್ದ ಗೀಚಿದೆ, ಹೇಳಬೇಕಾದ್ದನ್ನೇ ಹೇಳಲಿಲ್ಲ. ಪರದೆಯ ಮೇಲಿನ ಆ ಚಿತ್ರದಲ್ಲಿ ದೋಣಿಯವಳು ತಲೆಗೆ ಬಟ್ಟೆ ಕಟ್ಟಿದ್ದಾಳೆ. ಗಂಟು ಎಡಗಿವಿಯ ಮೇಲೆ, ತುದಿ ಹಿಂದಕ್ಕೆ ಸಿಕ್ಕಿಸಿ. ಕೂದಲು ಉದುರಿದ ಮೇಲೆ ನಮ್ಮವಳು ಕಟ್ಟಿಕೊಳ್ಳುತ್ತಿದ್ದಳಲ್ಲ, ಹಾಗೇ. ಸೂತ್ರಧಾರ ಅಂದು ಕಳಿಸಿದ್ದರಲ್ಲಿ ನಮ್ಮವಳೇ ಬರೆದ ದೋಣಿಯವಳ ಚಿತ್ರವೂ ಇತ್ತಂತೆ. ಅದನ್ನು ನೋಡಿ ಕಟ್ಟಿದ್ದಾರೆ. ಹಿಂದಿನಿಂದ ನೋಡಿದರೆ ಅವಳೇ. ಧಾರಾವಾಹಿ ಮುಂದಿನ ತಿಂಗಳು ಶುರುವಾಗುತ್ತದೆ. ನಿಮ್ಮ ಹಡಗಿನ ಊಟದ ಕೋಣೆಯಲ್ಲಿ ಎಲ್ಲರೂ ಕೂಡಿ ಇಂಥವನ್ನೇ ನೋಡುತ್ತೀರೆಂದು ನೀನೇ ಹೇಳಿದ್ದೆ. ಮೂರನೇ ಕಂತು ನೋಡಬೇಡ. ಅಷ್ಟು ಜನರ ನಡುವೆ ಕೂತು ನೋಡಬೇಡ, ಎದ್ದು ಬಂದುಬಿಡು. ಈ ಕಾಗದ ತಲುಪುವುದು ತಡವಾಗಿ ನೀನು ಆಗಲೇ ನೋಡಿಬಿಟ್ಟಿದ್ದರೆ ಕೂಡಲೇ ಫೋನ್ ಮಾಡು. ಮಾತಾಡಲಾಗದಿದ್ದರೆ ಬೇಡ, ಸುಮ್ಮನೆ ಹಿಡಿದುಕೊಂಡಿರು. ನಾನೂ ಈ ಕಡೆ ಹಿಡಿದುಕೊಂಡಿರುತ್ತೇನೆ.