ನೆಲ್ಡಾ ಮುಟ್ಟಿದ ಜಾಡಿ

ಜುಲೈ 11, ಸೋಮವಾರ

ಬೆಳಿಗ್ಗೆ ಸೌತೆಕಾಯಿ ಉಪ್ಪುನೀರಿಗೆ ಹಾಕಿದೆ. ಖಾಲಿ ಜಾಡಿಗಳನ್ನೆಲ್ಲ ನೆಲಮಾಳಿಗೆಯಿಂದ ತಂದು ತೊಳೆದೆ. ಎರಡರ ಬಾಯಿ ಚಕ್ಕೆ ಎದ್ದಿದೆ. ತಾನಾಗಿ ಏಳುತ್ತದೆಯೇ ಚಕ್ಕೆ? ಓರಿನ್‌ನನ್ನು ಕೇಳಿದೆ. "ಗಾಜು ಕಣೇ. ತಗಲುತ್ತೆ, ಏಳುತ್ತೆ" ಅಂದ. ಈ ಗಂಡನಿಗೆ ಯಾರ ಮೇಲೂ ಅನುಮಾನ ಬರುವುದಿಲ್ಲ. ಮದುವೆಯಾದಾಗಿನಿಂದ ಅವನ ಪಾಲಿನದನ್ನೂ ನಾನೇ ಪಡಬೇಕಾಗಿದೆ.

ಮಧ್ಯಾಹ್ನ ಅವನ ತಂಗಿ ನೆಲ್ಡಾ ಬಂದಳು. ಜಿಲ್ಲೆಯವರೆಲ್ಲ ಸೇರುವ ಕೌಂಟಿ ಮೇಳದಲ್ಲಿ ಅಡುಗೆ ಸ್ಪರ್ಧೆಯ ಹಾಲ್ ಅವಳ ಉಸ್ತುವಾರಿ — ಹಣ್ಣು ತರಕಾರಿ ತುಂಬಿದ ಜಾಡಿ ತೆಗೆದುಕೊಳ್ಳುವುದು, ಚೀಟಿ ಕಟ್ಟುವುದು, ಕಪಾಟಿನಲ್ಲಿ ಜೋಡಿಸುವುದು. ಗಂಡ ಹೋದ ಮೇಲೆ ಅವಳ ಪ್ರಪಂಚವೆಲ್ಲ ಆ ಹಾಲೇ. ಕಾಫಿ ಕುಡಿಯುತ್ತ ಮೆಲ್ಲಗೆ ಕೇಳಿದಳು: "ಈ ಸಲಾನೂ ಪೀಚ್ ಇಡ್ತೀಯಾ ಅತ್ತಿಗೆ?"

ಯಾಕೆ ಇಡಬಾರದು? ಯಾಕೆ ಕೇಳಿದಳು?

ಹೋದ ವರ್ಷದ್ದು ಇನ್ನೂ ಗಂಟಲಲ್ಲೇ ಇದೆ. ಅಷ್ಟು ಜನ ಕುರ್ಚಿ ಹಾಕಿಕೊಂಡು ನೋಡುತ್ತಿದ್ದಾಗ ತೀರ್ಪುಗಾರ್ತಿ ಫೆರ್ನ್ ನನ್ನ ಪೀಚ್ ಜಾಡಿಯ ಬಿಗಿಬಳೆ ಕಳಚಿ ಮುಚ್ಚಳಕ್ಕೆ ಬೆರಳು ತಾಗಿಸಿದರು. ಎದ್ದೇ ಬಂತು. ಗಾಳಿ ಹೊಕ್ಕು ಹುಳಿ ವಾಸನೆ. "ಇದನ್ನ ಬಾಯಿಗಿಡೋಕಾಗಲ್ಲಮ್ಮ" ಅಂತ ಪಕ್ಕಕ್ಕೆ ಸರಿಸಿದರು. ವರ್ಷ ವರ್ಷವೂ ಮೊದಲ ಬಹುಮಾನದ ನೀಲಿ ರಿಬ್ಬನ್ ತಂದವಳು ನಾನು! ಮನೆಯಿಂದ ಹೊರಡುವಾಗ ಆ ಮುಚ್ಚಳ ಗಟ್ಟಿಯಾಗಿತ್ತು. ನನ್ನ ಕೈಯಿಂದ ಫೆರ್ನ್ ಕೈಗೆ ಹೋಗುವ ನಡುವೆ ಜಾಡಿ ಮುಟ್ಟಿದವಳು ನೆಲ್ಡಾ. ಆ ಸಲ ಪೀಚ್‌ಗೆ ನೀಲಿ ರಿಬ್ಬನ್ ಬಂದದ್ದೂ ನೆಲ್ಡಾಗೆ.

ಯಾರಿಗೂ ಹೇಳುವುದಿಲ್ಲ. ಇಲ್ಲಿ ಬರೆಯುತ್ತೇನೆ ಅಷ್ಟೇ.

ಜುಲೈ 16, ಶನಿವಾರ

ಮಿಸೌರಿಯಿಂದ ಪೀಚ್ ಲಾರಿ ಬಂತು. ಎರಡು ಪೆಟ್ಟಿಗೆ ತಂದೆ. ಮೇಲಿನ ಸಾಲಿನ ಹಣ್ಣೆಲ್ಲ ಮದುವಣಗಿತ್ತಿ, ಅಡಿಯ ಸಾಲಿನದೆಲ್ಲ ಮೆತ್ತಗೆ. ಲಾರಿಯವನ ನಗು ನೋಡಿದಾಗಲೇ ಗೊತ್ತಾಗಬೇಕಿತ್ತು.

ಸಿಪ್ಪೆ ಸುಲಿಯಲು ನೆಲ್ಡಾ ಬಂದಳು, ಪ್ರತಿವರ್ಷದ ಹಾಗೆ. ಬರಬೇಡ ಅನ್ನಲು ನಾಲಿಗೆ ಏಳಲಿಲ್ಲ. ಬೀಜ ತೆಗೆಯುವ ಕೆಲಸ ಕೊಟ್ಟು ಮೇಜಿನ ಆ ತುದಿಗೆ ಕೂರಿಸಿದೆ. ಸಕ್ಕರೆ ಪಾಕದ ಅಳತೆ ಕಾಣದ ಹಾಗೆ ಒಲೆಗೆ ಅಡ್ಡ ನಿಂತೆ. ಹೋಳುಗಳನ್ನು ಒಂದರ ಮೇಲೊಂದು ಬೋರಲಾಗಿ ಜೋಡಿಸಿದೆ. ಇಷ್ಟು ಚೆಂದದ ಜಾಡಿ ನನ್ನ ಕೈಯಿಂದ ಈಚೆಗೆ ಬಂದಿರಲಿಲ್ಲ.

"ನನ್ನ ಮೇಲೆ ಏನಾದ್ರೂ ಕೋಪಾನಾ ಅತ್ತಿಗೆ?"

"ಯಾಕೆ, ಕೋಪ ಬರೋ ಅಂಥದ್ದು ಏನಾದ್ರೂ ಮಾಡಿದೀಯಾ?"

ತಲೆ ತಗ್ಗಿಸಿ ಬೀಜ ತೆಗೆದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

ಕುದಿಯುವ ನೀರಿನಿಂದ ಜಾಡಿ ಎತ್ತಿ ಬಟ್ಟೆಯ ಮೇಲೆ ಇಡುವ ಹೊತ್ತಿಗೆ ಮಂಡಿ ಸತ್ತೇ ಹೋಗಿತ್ತು. ಇನ್ನು ಕೆಲಸವೇನೂ ಇಲ್ಲ, ಕಾಯುವುದು. ಆರುತ್ತಾ ಆರುತ್ತಾ ಮುಚ್ಚಳ ಒಳಕ್ಕೆ ಸೆಳೆದುಕೊಂಡು ಒಂದೊಂದೇ 'ಟಿಂಗ್' ಅಂತ ಕೂಗಬೇಕು. ಕೂಗಿತೆಂದರೆ ಗಾಳಿ ಆಡದ ಹಾಗೆ ಕೂತಿತು ಅಂತ. ಮಂಡಿ ನೋವು ಶುರುವಾದಾಗಿನಿಂದ ಈ ಕಾವಲು ಓರಿನ್‌ದು. ನಾನು ಹೋಗಿ ಮಲಗಿದೆ. ಎದ್ದಾಗ ಕೇಳಿದೆ, ಎಲ್ಲ ಕೂಗಿದವಾ?

"ಎಲ್ಲಾ ಕೂಗಿದ್ವು, ಆರ್ಲಿಸ್. ಒಂದೂ ಬಿಡದೆ."

ಪಾಪ, ಕುರ್ಚಿಯಿಂದ ಎದ್ದೇ ಇರಲಿಲ್ಲ.

ಜುಲೈ 17

ಚರ್ಚ್‌ನಲ್ಲಿ ನೆಲ್ಡಾ ಪಕ್ಕದಲ್ಲೇ ಕೂತಳು. ಪ್ರಾರ್ಥನೆಯಲ್ಲಿ ಕೈ ಹಿಡಿದಳು. ಹಿಡಿಸಿಕೊಂಡೆ. ಪ್ರಾರ್ಥನೆ ಏನಿತ್ತೋ ಕೇಳಲಿಲ್ಲ.

ಜುಲೈ 29, ಶುಕ್ರವಾರ

ಉಪಾಯ ಹೊಳೆಯಿತು. ಉಗುರಿನ ಬಣ್ಣ! ತಿಳಿ ಗುಲಾಬಿ. ಮುಚ್ಚಳದ ಮೇಲೆ ತಿರುಗಿಸಿ ಬಿಗಿಯುವ ಬಳೆಯ ಅಂಚಿನಿಂದ ಗಾಜಿನವರೆಗೆ ಒಂದು ಸಣ್ಣ ಗೆರೆ ಎಳೆದೆ, ಜಾಡಿಯ ಹಿಂಬದಿಯಲ್ಲಿ. ಬಳೆ ಒಂಚೂರು ತಿರುಗಿದರೂ ಗೆರೆ ಬಿರಿಯುತ್ತದೆ. ಮುಚ್ಚಳ ತೆಗೆಯಬೇಕಾದರೆ ಬಳೆ ತಿರುಗಿಸಲೇಬೇಕು.

ಜಾಡಿಯ ಮೇಲೆ ಯಾವ ಗುರುತೂ ಇರಬಾರದು ಅಂತ ನಿಯಮವಿದೆ. ಇದು ಗುರುತಲ್ಲ, ಕಾವಲು.

ಓರಿನ್ ನೆಲಮಾಳಿಗೆಯ ಮೆಟ್ಟಿಲಲ್ಲಿ ನಿಂತು ನೋಡಿದ. "ಜಾಡೀಗೂ ಸಿಂಗಾರನಾ?" ಅಂದ. ಸುಮ್ಮನಿರು ಅಂದೆ.

ಆಗಸ್ಟ್ 2, ಮಂಗಳವಾರ

ಜಾಡಿ ಕೊಡುವ ದಿನ. ಭಯಂಕರ ಸೆಕೆ. ಹಾಲ್‌ನ ತಗಡು ಕೈ ಇಟ್ಟರೆ ಸುಡುತ್ತದೆ, ಪಕ್ಕದ ಹಂದಿ ಕೊಟ್ಟಿಗೆಯ ಗಾಳಿ ಬೇರೆ. ಸಾಲು ಬಾಗಿಲಾಚೆ ಇತ್ತು.

ನೆಲ್ಡಾ ನನ್ನ ಜಾಡಿ ತೆಗೆದುಕೊಂಡಳು. ಮುಚ್ಚಳದ ನಡುವೆ ಹೆಬ್ಬೆರಳಿಟ್ಟಳು. ಮುಖ ಬದಲಾಯಿತು. ನಾನು ನೋಡಿದೆ! ಮುಂದೆ ಬಗ್ಗಿ ಪಿಸುಗುಟ್ಟಿದಳು:

"ಅತ್ತಿಗೆ, ಇದು ಬೇಡ. ಮನೇಲಿ ಇನ್ನೂ ಇದಾವಲ್ಲ, ಬೇರೆ ತಂದುಬಿಡು. ಸಂಜೆವರೆಗೂ ಟೈಮಿದೆ."

"ಯಾಕೆ, ಇದಕ್ಕೇನಾಗಿದೆ?"

ಹಿಂದಿನ ಸಾಲನ್ನು ನೋಡಿದಳು. "ಒಂದ್ಸಲ ನನ್ನ ಮಾತು ಕೇಳು."

ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ! ಇದ್ದುದರಲ್ಲಿ ಚೆಂದದ್ದು ಇದು. ಎರಡನೇ ದರ್ಜೆಯದು ತರಲಿ ಅಂತ ಹುನ್ನಾರ. "ಇದನ್ನೇ ಇಡೋದು" ಅಂದೆ ಗಟ್ಟಿಯಾಗಿ. ನೆಲ್ಡಾ ಚೀಟಿ ಕಟ್ಟಿದಳು. ಹೆಸರು ಕಾಣದ ಹಾಗೆ ಮಡಚಿದಳು.

ಆಗಸ್ಟ್ 3, ಬುಧವಾರ

ಬರೆಯುತ್ತೇನೆ. ಹೇಗಾಯಿತೋ ಹಾಗೇ.

ಫೆರ್ನ್ ನನ್ನ ಜಾಡಿಯನ್ನು ಬೆಳಕಿಗೆ ಹಿಡಿದು "ಆಹಾ, ಜೋಡಣೆ ನೋಡಿ" ಅಂದರು. ಎದೆ ಉಬ್ಬಿತು. ಆಮೇಲೆ ಮುಚ್ಚಳ ಒತ್ತಿದರು. ಟಕ್. ಬಿಟ್ಟರು. ಟಕ್. ಕಪ್ಪೆ ಹಾಗೆ ಕುಣಿಯಿತು, ಒಳಗೆ ಗಾಳಿ.

ಯಾವಾಗ ಎದ್ದು ನಿಂತೆನೋ ನನಗೇ ಗೊತ್ತಿಲ್ಲ. "ನೆಲ್ಡಾನ ಕೇಳಿ! ಹೋದ ವರ್ಷಾನೂ ಇವಳೇ! ರಾತ್ರೋರಾತ್ರಿ ಬಿಚ್ಚಿದಾಳೆ. ನಾನು ಬಣ್ಣದ ಗೆರೆ ಹಾಕಿದೀನಿ, ಹಿಂದೆ ನೋಡಿ, ಬಿರಿದಿರುತ್ತೆ!"

ಫೆರ್ನ್ ಕನ್ನಡಕ ಸರಿಮಾಡಿಕೊಂಡು ಜಾಡಿ ತಿರುಗಿಸಿದರು. ಉಗುರಿನಿಂದ ಗೆರೆ ಮುಟ್ಟಿದರು. ಸುತ್ತ ಇದ್ದವರಿಗೂ ತೋರಿಸಿದರು.

"ಗೆರೆ ಎಳೆದ ಹಾಗೇ ಇದೆ ಆರ್ಲಿಸ್. ಗುರುತು ಹಾಕಿದ ಜಾಡಿ ಸ್ಪರ್ಧೆಗಿಲ್ಲ, ಆ ಮಾತು ಬಿಡಿ. ಇದನ್ನ ಇಲ್ಲಿ ಯಾರೂ ಬಿಚ್ಚಿಲ್ಲ. ಇದು ನಿಮ್ಮ ಮನೇಲೇ ಸರಿಯಾಗಿ ಕೂತಿರಲಿಲ್ಲ."

ನೆಲ್ಡಾ ಏಪ್ರನ್ ಬಿಚ್ಚಿ ಮಡಚಿದಳು. ಹಾಲ್‌ನ ಬೀಗದ ಕೈ ಅದರ ಮೇಲಿಟ್ಟಳು. ಜನರ ನಡುವೆ ನಡೆದು ಹೊರಗೆ ಹೋದಳು. ಓರಿನ್ ಟೋಪಿ ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದ.

ಆಗಸ್ಟ್ 4

ನೆಲ್ಡಾ ಫೋನ್ ಎತ್ತುತ್ತಿಲ್ಲ. ಹಾಲ್‌ನಲ್ಲಿ ಬೇರೆ ಯಾರನ್ನೋ ಕೂರಿಸಿದ್ದಾರಂತೆ. ಮುಂದಿನ ವರ್ಷಕ್ಕೂ ಅವರೇ ಅಂತ ಮೇಳದ ಸಮಿತಿ ಹೇಳಿದೆಯಂತೆ.

ಅದೇ ಬಣ್ಣ ಅವಳ ಹತ್ತಿರವೂ ಇದ್ದು, ಬಿಚ್ಚಿ, ಮತ್ತೆ ಗೆರೆ ಎಳೆದಿದ್ದರೆ?... ನೆಲ್ಡಾ ಹುಟ್ಟಿದಾಗಿನಿಂದ ಉಗುರಿಗೆ ಬಣ್ಣ ಹಚ್ಚಿದವಳಲ್ಲ. ಆದರೂ ಬೆಳಗಿನಿಂದ ಅದನ್ನೇ ಯೋಚಿಸುತ್ತಿದ್ದೇನೆ. ಬೇರೆ ಏನನ್ನು ಯೋಚಿಸಲಿ?

ಆಗಸ್ಟ್ 5, ಶುಕ್ರವಾರ

ಟೊಮೇಟೊ ಕೊಳೆಯುತ್ತವೆ ಅಂತ ಜಾಡಿಗೆ ತುಂಬಿ ಕುದಿಸಿದೆ. ಕಾವಲಿಗೆ ಓರಿನ್. ಮಲಗಿದೆ. ನಿದ್ದೆ ಎಲ್ಲಿಯದು? ನೀರು ಕುಡಿಯಲು ಬರಿಗಾಲಲ್ಲಿ ಎದ್ದು ಬಂದೆ.

ಅವನು ಜಾಡಿಯ ಮೇಲೆ ಬಗ್ಗಿದ್ದ. ಹೆಬ್ಬೆರಳಿನಿಂದ ಮುಚ್ಚಳವನ್ನು ಮೆತ್ತಗೆ, ಮಗುವಿನ ನೆತ್ತಿ ಒತ್ತುವ ಹಾಗೆ, ಒತ್ತಿದ. ಟಿಂಗ್.

"ಏನ್ ಮಾಡ್ತಿದೀಯ?"

ಬೆಚ್ಚಿಬಿದ್ದ. "ಇದೊಂದು ಕೂಗಲಿಲ್ಲ. ನೀನು ಬೇಜಾರು ಮಾಡ್ಕೋತೀಯ ಅಂತ... ಇದು ಮನೆಗೇ ಅಲ್ವಾ, ಒತ್ತಿದ್ರೆ ಕೂತ್ಕೊಳ್ಳುತ್ತಲ್ಲ."

ಕೂರುವುದಿಲ್ಲ! ಕೂತ ಹಾಗೆ ಕಾಣುತ್ತದೆ. ನೆಲಮಾಳಿಗೆಯ ತಂಪಿಗೆ ಹಾಗೇ ಇರುತ್ತದೆ, ಹಾಲ್‌ನ ಸೆಕೆಗೆ ಏಳುತ್ತದೆ. ಮನೆಯಲ್ಲಿ ನಾನು ಮುಟ್ಟಿ ನೋಡಿದಾಗೆಲ್ಲ ಗಟ್ಟಿಯಾಗೇ ಇತ್ತು.

"ಯಾವಾಗಿಂದ?"

"ನಿನ್ನ ಮಂಡಿ ನೋವು ಬಂದಾಗಿಂದ. ಯಾವಾಗ್ಲೂ ಅಲ್ಲ. ಒಂದೋ ಎರಡೋ."

"ಮೊನ್ನೆ ಹಾಲಲ್ಲಿ ನಾನು ಎದ್ದು ನಿಂತಾಗ ನಿನಗೆ ಗೊತ್ತಾಯ್ತಾ?"

ಅವನು ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡ. "ಫೆರ್ನ್ ಗೆರೆ ತೋರಿಸಿದಾಗ ಗೊತ್ತಾಯ್ತು. ಹೇಳೋಕೆ ಬಾಯಿ ಬರಲಿಲ್ಲ."

ಕೂಗಾಡಬೇಕು ಅನಿಸಿತು. ಆಗಲಿಲ್ಲ. ಊರಿನವರ ಮೇಲೆಲ್ಲ ಅನುಮಾನಪಟ್ಟೆ. ನನ್ನ ಅಡುಗೆಮನೆಯ ಕುರ್ಚಿಯಲ್ಲಿ ಕೂತವನನ್ನು ಬಿಟ್ಟು.

ಆಗಸ್ಟ್ 6, ಶನಿವಾರ

ಒಬ್ಬಳೇ ನೆಲ್ಡಾ ಮನೆಗೆ ಹೋದೆ. ಜಾಲರಿ ಬಾಗಿಲ ಆಚೆ ನಿಂತಳು, ಚಿಲಕ ತೆಗೆಯಲಿಲ್ಲ. ಮೆಟ್ಟಿಲ ಮೇಲೆ ನಿಂತೇ ಎಲ್ಲ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ಹೋದ ವರ್ಷನೇ ಅಂದ್ಕೊಂಡೆ. ಅಮ್ಮ ಜಾಡಿಗೆ ಹಣ್ಣು ಹಾಕೋವಾಗ್ಲೂ ಅಣ್ಣ ಹೀಗೇ ಮುಚ್ಚಳ ಒತ್ತಿ ಬೈಸ್ಕೋತಿದ್ದ."

"ಮತ್ತೆ ಹೇಳಬಾರದಿತ್ತಾ ನೆಲ್ಡಾ?"

"ಹೇಳಿದ್ರೆ ಏನಾಗ್ತಿತ್ತು ಅತ್ತಿಗೆ? ಅವತ್ತಿಂದ ನೀನು ಅವನ ಮೇಲೆ ಅನುಮಾನ ಪಡ್ತಿದ್ದೆ. ಅವನು ನಿನ್ನ ಜೊತೆ ಒಂದೇ ಮನೇಲಿ ಬಾಳಬೇಕು. ನಾನಾದ್ರೆ ದೂರ ಇದ್ದೆ, ನನ್ನ ಮೇಲೇ ಇರ್ಲಿ ಅಂದ್ಕೊಂಡೆ." ಚಿಲಕದ ಮೇಲೆ ಕೈ ಇಟ್ಟು, "ಅಷ್ಟು ಜನರ ಮುಂದೆ ಅಂತೀಯ ಅಂತ ಗೊತ್ತಿರಲಿಲ್ಲ" ಅಂದಳು.

ಕಣ್ಣೀರು ನಿಲ್ಲಲಿಲ್ಲ. ನಾಳೆ ಸಂಜೆ ಎಲ್ಲರೂ ಜಾಡಿ ವಾಪಸ್ ತೆಗೆದುಕೊಳ್ಳಲು ಹಾಲ್‌ಗೆ ಬರುತ್ತಾರೆ, ಅಲ್ಲೇ ನಿಂತು ಹೇಳುತ್ತೇನೆ, ಹಾಲ್ ನಿನ್ನದೇ ಅಂತ ಸಮಿತಿಯವರ ಬಾಯಿಂದಲೇ ಹೇಳಿಸುತ್ತೇನೆ ಅಂದೆ.

"ಅಣ್ಣನ ಹೆಸರೂ ಹೇಳ್ತೀಯಾ?"

ಕಣ್ಣು ಒರೆಸಿಕೊಂಡು ಒಂದು ಮೆಟ್ಟಿಲು ಇಳಿದೆ.

"ಒಳಗೆ ಬಾ ಅನ್ನೋಕೆ ಮನಸ್ಸಾಗ್ತಿಲ್ಲ ಅತ್ತಿಗೆ. ಹೋಗು ಇವತ್ತು."

ಆಗಸ್ಟ್ 7, ಭಾನುವಾರ

ಮೇಳದ ಕೊನೆಯ ದಿನ. ಓರಿನ್ ಗಡ್ಡ ಕೆರೆದು ಇಸ್ತ್ರಿ ಅಂಗಿ ಹಾಕಿಕೊಂಡ. "ನಾನೇ ಹೇಳ್ತೀನಿ. ನೀನು ಪಕ್ಕದಲ್ಲಿ ನಿಂತಿರು ಸಾಕು" ಅಂದ. ಬೇಡ ಅನ್ನಲಿಲ್ಲ. ಬೂಟು ಹುಡುಕುತ್ತಿದ್ದಾನೆ.

ಅಂಗಳದಲ್ಲಿ ಕಾರು ನಿಂತ ಸದ್ದು. ನೆಲ್ಡಾದು, ಆ ಎಂಜಿನ್ ಕೆಮ್ಮು ಗೊತ್ತು. ಹಾರ್ನ್ ಇಲ್ಲ. ಬಾಗಿಲು ತೆರೆದ ಸದ್ದೂ ಇಲ್ಲ. ಕರೆದುಕೊಂಡು ಹೋಗಲು ಬಂದಳೋ, ತಡೆಯಲು ಬಂದಳೋ? ಯಾಕೆ ಇಳಿಯುತ್ತಿಲ್ಲ? ಪರದೆ ಸರಿಸಿ ಮುಖ ಒಂದು ನೋಡಿಬಿಟ್ಟರೆ ಗೊತ್ತಾಗುತ್ತದೆ...

ಬೇಡ. ನೋಡುವುದಿಲ್ಲ. ಯಾಕೆ ಬಂದಿದ್ದರೂ ಸರಿ, ನೇರ ಬಾಗಿಲು ತೆಗೆದು ಕಾರಿನ ಹತ್ತಿರ ಹೋಗುತ್ತೇನೆ, ಹೋಗಿ ಒಳಗೆ ಬಾ ಅನ್ನುತ್ತೇನೆ.