ದಿನಕ್ಕೆ ಮುನ್ನೂರು

ನವೆಂಬರ್ 4, ಬೆಳಿಗ್ಗೆ 6.10

ವ್ಯಾನಿನ ಮೀಟರು 84,212. ಹಾಸಿಗೆ ಸುತ್ತಿಟ್ಟು ಆಯಿತು. ಫ್ಲಾಸ್ಕಿಗೆ ಚಹಾ ತುಂಬಿದೆ. ಇವರು ನಾಲ್ಕೂ ಟಯರು ಒದ್ದು ನೋಡಿ ಬಂದರು — ಮೂವತ್ತೊಂದು ವರ್ಷದ ಅಭ್ಯಾಸ. ಆಮೇಲೆ ದಿನದ ಘೋಷಣೆ. "ಇವತ್ತು ಮುನ್ನೂರಿಪ್ಪತ್ತು." ನಿಯಮ ಇವರದೇ. ದಿನಕ್ಕೆ ಮುನ್ನೂರು ಕಿಲೋಮೀಟರ್, ಆಚೆ ಈಚೆ ಮೂವತ್ತು. ಇಂದು ಮೂರನೇ ದಿನ. ಎಂಟನೇ ತಾರೀಖಿಗೆ ಸಮುದ್ರ, ಅಲ್ಲೇ ನನ್ನ ತಮ್ಮನ ಮನೆ.

ಸಂಜೆ 4.30

318 ಆಯಿತು. ಇವರು ಡ್ರೈವರ್ ಆಗಿದ್ದ ಶಾಲೆಯವರು ಹೊಸ ವ್ಯಾನು ತಂದಾಗ ಹಳೆಯದನ್ನು ಇವರಿಗೇ ಕೊಟ್ಟಿದ್ದರು. ಹೋದ ತಿಂಗಳು ಮಂಡಿನೋವು ಅಂತ ಇವರು ಕೆಲಸವನ್ನೂ ಬಿಟ್ಟರು. ಸೀಟು ಕಿತ್ತು ಹಲಗೆ ಮಂಚ ಹಾಕಿಸಿದೆವು. ಮೇಲೆ ಬಣ್ಣ ಬಳಿದರೂ ಹಿಂದೆ "ಮಕ್ಕಳಿದ್ದಾರೆ, ನಿಧಾನ" ಅನ್ನುವ ಅಕ್ಷರ ಇಣುಕುತ್ತದೆ. ಲಾರಿಯವರು ಮರ್ಯಾದೆಯಿಂದ ದೂರ ಇರುತ್ತಾರೆ. ಒಳಗಿರುವ ಮಕ್ಕಳಿಗೆ ಅರವತ್ತು ಮತ್ತು ಐವತ್ತೇಳು.

ನನ್ನ ಕೆಲಸ ಎಡಗಡೆ ಕೂತು ಮಾತಾಡುವುದು. "ಆ ಕಡೆ ಏನೇನಿದೆ ಹೇಳ್ತಾ ಇರು, ನಂಗೆ ತೂಕಡಿಕೆ ಬರಲ್ಲ." ಹೇಳಿದೆ. ಎಮ್ಮೆ, ಇಟ್ಟಿಗೆ ಗೂಡು, ಸೈಕಲ್ಲಿನವನು, ನಾಯಿ, ಮತ್ತೊಂದು ನಾಯಿ. ಮದುವೆಯಾದಾಗಿನಿಂದ "ಸ್ವಲ್ಪ ಸುಮ್ನಿರ್ತೀಯಾ" ಅಂದವರು. ಈಗ ಬಾಯಿ ಮುಚ್ಚಿದರೆ "ಯಾಕೆ, ಏನೂ ಇಲ್ವಾ?" ಅನ್ನುತ್ತಾರೆ. ಇಷ್ಟು ವರ್ಷಕ್ಕೆ ನನ್ನ ಮಾತು ರುಚಿಸಿತು. ಖುಷಿಯಾಯಿತು ಅಂತ ಇಲ್ಲಿಯಾದರೂ ಬರೆದುಕೊಳ್ಳುತ್ತೇನೆ.

ನವೆಂಬರ್ 5, ಸಂಜೆ 4

284. ಪೆಟ್ರೋಲ್ ಬಂಕಿನ ಕಂಬಕ್ಕೆ ಎಡಗಡೆ ಕನ್ನಡಿ ಬಡಿಯಿತು. ಗಾಜು ಚೂರು. "ಮೊದ್ಲೇ ಸಡಿಲ ಇತ್ತು," ಅಂದರು. ಇರಲಿಲ್ಲ. ನಿನ್ನೆ ಅದನ್ನು ಒರೆಸಿದ್ದೇ ನಾನು.

ಊರುಗಳನ್ನು ಬಳಸಿಕೊಂಡು ಹೋಗುತ್ತಿದ್ದೇವೆ. ಟ್ರಾಫಿಕ್ ಅಂತೆ. ಒಂದು ಊರು ತಪ್ಪಿಸಲು ನಲವತ್ತು ಕಿಲೋಮೀಟರ್ ಸುತ್ತು. ಎಡಕ್ಕೆ ತಿರುಗುವ ಮುಂಚೆ ಪೂರ್ತಿ ನಿಲ್ಲಿಸುತ್ತಾರೆ. "ಖಾಲಿನಾ?" ಅನ್ನುತ್ತಾರೆ. "ಖಾಲಿ." ಆಮೇಲೆ ತಿರುಗುತ್ತಾರೆ. ಮೂವತ್ತೊಂದು ವರ್ಷ ಒಂದು ಗೀರಿಲ್ಲದೆ ಓಡಿಸಿದ್ದಕ್ಕೆ ಶಾಲೆಯವರು ಶಾಲು ಹೊದಿಸಿದ್ದರು. ಅಂಥವರು ನನ್ನನ್ನು ಕೇಳುತ್ತಾರೆ. ವಯಸ್ಸಾಯಿತು, ಜಾಗ್ರತೆ ಜಾಸ್ತಿ… ಅಂದುಕೊಂಡೆ.

ನವೆಂಬರ್ 6, ಮಧ್ಯಾಹ್ನ 3

ಇವತ್ತು ಅಕ್ಷರ ವಕ್ರ.

ಊಟವಾದ ಮೇಲೆ ನಿದ್ದೆ ಹತ್ತಿತು. ಹತ್ತು ನಿಮಿಷ ಇರಬಹುದು. ಏನೋ ಉಜ್ಜಿದ ಸದ್ದಿಗೆ ಎಚ್ಚರವಾಯಿತು. ವ್ಯಾನಿನ ಎಡಚಕ್ರ ರಸ್ತೆ ಬಿಟ್ಟು ಮಣ್ಣಿಗಿಳಿದಿತ್ತು. ಇವರು ಬ್ರೇಕ್ ಒತ್ತಿ ಹಿಡಿದಿದ್ದರು. ಇಳಿದು ನೋಡಿದರೆ ಚರಂಡಿಯಲ್ಲಿ ಸೈಕಲ್ಲು, ಪಕ್ಕದಲ್ಲಿ ಒಬ್ಬ ಹೆಂಗಸು. ನನಗಿಂತ ಚಿಕ್ಕವಳು. ಮೊಣಕೈ ತರಚಿತ್ತು. ಅಷ್ಟೇ. ಅಷ್ಟೇ ಅಂತ ಬರೆಯುವುದು ಸುಲಭ.

"ಎಲ್ಲಿಂದ ಬಂದ್ಲೋ," ಅಂದರು ಇವರು. ಎರಡು ಸಲ. ರಸ್ತೆ ನೂಲು ಹಿಡಿದ ಹಾಗೆ ನೇರ. ಒಂದು ಮರವಿಲ್ಲ, ಗೋಡೆಯಿಲ್ಲ. ಎಲ್ಲಿಂದಲೂ ಬರಬೇಕಾಗಿರಲಿಲ್ಲ, ಅವಳು ಅಲ್ಲೇ ಇದ್ದಳು.

ಸೈಕಲ್ಲನ್ನೂ ಅವಳನ್ನೂ ಹತ್ತಿಸಿಕೊಂಡು ರಿಪೇರಿ ಅಂಗಡಿಗೆ ಬಿಟ್ಟೆವು. ಚಕ್ರ ನೇರ ಮಾಡಿಸಿ, ಗಾಯ ತೊಳೆದೆ. ಇವರು ದೂರ ನಿಂತಿದ್ದರು. ಅವಳು ಬಯ್ಯಲಿಲ್ಲ. ಮೆಲ್ಲಗೆ ನನಗಷ್ಟೇ ಹೇಳಿದಳು: "ಅಕ್ಕಾ, ಅವ್ರು ನನ್ನ ಕಡೆ ಮುಖ ತಿರುಗ್ಸಿದ್ರು. ನೋಡಿದ್ರು ಅಂದ್ಕೊಂಡೆ. ಅದಕ್ಕೇ ಪಕ್ಕಕ್ಕೆ ಸರೀಲಿಲ್ಲ."

ಇವತ್ತಿಗೆ 131. ಇವರೇ "ಸಾಕು" ಅಂದರು.

ನವೆಂಬರ್ 7, ಬೆಳಿಗ್ಗೆ

ಲಾರಿಗಳು ನಿಲ್ಲುವ ಬಯಲು. ಹೊರಡಲಿಲ್ಲ. "ಒಂದಿನ ರೆಸ್ಟ್" ಅಂತೆ.

ಸ್ಟೂಲಿನ ಮೇಲೆ ಕೂತಿದ್ದರು. ಚಹಾ ಲೋಟ ಹಿಡಿದು ಎಡಗಡೆಯಿಂದ ಹೋದೆ. ಭುಜದ ಪಕ್ಕಕ್ಕೇ ಹಿಡಿದೆ. ಮಾತಾಡಲಿಲ್ಲ. ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿದೆ. ಇವರು ಎದುರಿಗಿದ್ದ ಲಾರಿಯನ್ನೇ ನೋಡುತ್ತಿದ್ದರು. ಸುತ್ತಿ ಬಲಗಡೆಗೆ ಬಂದೆ. ತಕ್ಷಣ ಕೈ ಚಾಚಿದರು. "ಇಷ್ಟು ಹೊತ್ತು ಬೇಕಾಯ್ತಾ ಒಂದು ಚಹಾಕ್ಕೆ?"

ಮೂವತ್ತನಾಲ್ಕು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದವಳು. ವಿಳಾಸದ ಒಂದು ಅಕ್ಷರ ಮಸುಕಾಗಿದ್ದರೂ ಹಿಡಿಯುತ್ತಿದ್ದೆ. ಜೊತೆಗೆ ಮಲಗುವ ಮನುಷ್ಯನ ಕಣ್ಣು ಹಿಡಿಯಲಿಲ್ಲ.

ಮಧ್ಯಾಹ್ನ

ಇವರು ಸ್ನಾನಕ್ಕೆ ಹೋದಾಗ ಕನ್ನಡಿಯ ಸ್ಕ್ರೂ ಬಿಚ್ಚೋಣ ಅಂತ ಟೂಲ್ ಬಾಕ್ಸ್ ತೆಗೆದೆ. ಸ್ಪ್ಯಾನರುಗಳ ಕೆಳಗೆ, ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಫೈಲು. ಕಣ್ಣಿನ ಆಸ್ಪತ್ರೆಯದು. ಗ್ಲಾಕೋಮಾ. ಎಡಗಣ್ಣಿನ ಚಿತ್ರದಲ್ಲಿ ಮುಕ್ಕಾಲು ಭಾಗ ಕಪ್ಪು. ಡ್ರಾಪ್ಸಿನ ಚೀಟಿ ಮಡಿಕೆ ಬಿಚ್ಚದ ಹಾಗೇ ಇದೆ. ತಾರೀಖು ಜೂನ್ 11.

ಕೆಲಸ ಬಿಟ್ಟದ್ದು ಅಕ್ಟೋಬರ್.

ಮಧ್ಯೆ ನಾಲ್ಕು ತಿಂಗಳು. ದಿನಕ್ಕೆ ಎರಡು ಟ್ರಿಪ್ಪು. ಹದಿನಾಲ್ಕು ಮಕ್ಕಳು.

ನವೆಂಬರ್ 8, ಬೆಳಿಗ್ಗೆ 9

"ಇವತ್ತು ಮುನ್ನೂರು," ಅಂದರು. ಸೀಟಿನಲ್ಲಿ ಕೂತೂ ಆಯಿತು. ನಾನು ಹತ್ತಲಿಲ್ಲ.

"ಹತ್ತಲ್ವಾ?"

"ಇಲ್ಲ."

ಫೈಲನ್ನು ಗಾಜಿನ ಮುಂದೆ ಇಟ್ಟೆ. ನೋಡಿದರು. ಬಹಳ ಹೊತ್ತು ಕೈ ಸ್ಟೇರಿಂಗ್ ಮೇಲೇ ಇತ್ತು.

"ಬಲಗಣ್ಣು ಚೆನ್ನಾಗೇ ಇದೆ."

"ಎಡಗಣ್ಣು?"

"ಹೊಗೆ ತುಂಬಿದ ಅಡುಗೆಮನೆ ಇದ್ದಂಗೆ. ಯಾರೋ ಓಡಾಡ್ತಾರೆ ಅನ್ಸುತ್ತೆ. ಯಾರು ಅಂತ ಗೊತ್ತಾಗಲ್ಲ."

"ಆ ಕಣ್ಣಿಟ್ಕೊಂಡು ಮಕ್ಕಳನ್ನ ಕರ್ಕೊಂಡು ಹೋದ್ರಾ?"

ಪಕ್ಕದ ಲಾರಿಯವನು ಹಲ್ಲುಜ್ಜುತ್ತಾ ನಮ್ಮನ್ನೇ ನೋಡುತ್ತಿದ್ದ.

"ಜೂನಲ್ಲೇ ಹೇಳ್ಬೇಕು ಅಂತಿದ್ದೆ. ಈ ವಾರ ಹೇಳ್ತೀನಿ, ಮುಂದಿನ ವಾರ ಹೇಳ್ತೀನಿ ಅಂತ… ಡ್ರೈವರ್ ಅಲ್ಲ ಅಂದ್ರೆ ನಾನು ಯಾರು, ಹೇಳು."

"ಹಾಗಾದ್ರೆ ನನ್ನನ್ನ ಕರ್ಕೊಂಡ್ಬಂದಿದ್ದು ಪ್ರವಾಸಕ್ಕಲ್ಲ. ಕನ್ನಡಿ ಕೆಲಸಕ್ಕೆ."

ತಲೆ ತಗ್ಗಿಸಿದರು. ಕೀ ಕಿತ್ತುಕೊಂಡು ನನ್ನ ಬ್ಲೌಸಿನೊಳಗೆ ಹಾಕಿಕೊಂಡೆ.

ನವೆಂಬರ್ 10

ನಿನ್ನೆ ಬರೆಯಲಿಲ್ಲ. ಮಾತೂ ಇಲ್ಲ. ತಮ್ಮನಿಗೆ ಗಾಡಿ ಕೆಟ್ಟಿದೆ ಅಂತ ಸುಳ್ಳು ಹೇಳಿದೆ.

ಇವತ್ತು ಅನ್ನಕ್ಕೆ ಕೈ ಹಾಕಿ ಇವರೇ ಶುರು ಮಾಡಿದರು. ನಾಲ್ಕು ತಿಂಗಳು ಒಂದು ಗೀರಾಗದೆ ಹೇಗೆ ಓಡಿಸಿದರು ಅಂತ. ವ್ಯಾನಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ ಇದ್ದಳಲ್ಲ, ಮುಂದೆ ಎಡಗಡೆ ಕೂರುತ್ತಿದ್ದವಳು. ಇವರು ಅವಳಿಗೆ ಏನೂ ಹೇಳಿರಲಿಲ್ಲವಂತೆ. ಒಂದು ದಿನ ಅವಳೇ ಶುರು ಮಾಡಿದಳು — "ಅಣ್ಣಾ, ಎಡಗಡೆ ಸ್ಕೂಟರ್." "ಅಣ್ಣಾ, ಅಜ್ಜಿ ದಾಟ್ತಿದ್ದಾರೆ." ಅವಳೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

"ಅಕ್ಟೋಬರಲ್ಲಿ ಒಂದಿನ ಅವ್ಳು ರಜ ಹಾಕಿದ್ಲು. ಒಬ್ನೇ ಹೋದೆ. ಹದಿನಾಲ್ಕು ಮಕ್ಕಳೂ ಹಾಡು ಹೇಳ್ತಿದ್ರು. ಎಲ್ರನ್ನೂ ಮನೆ ಮುಟ್ಸಿ, ಗಾಡಿ ನಿಲ್ಸಿ ವಾಂತಿ ಮಾಡ್ಕೊಂಡೆ. ಮಾರನೇ ದಿನ ಕೀ ಕೊಟ್ಬಿಟ್ಟೆ."

ಮಕ್ಕಳ ವಿಚಾರಕ್ಕೆ ಸಿಟ್ಟು ಬರಬೇಕು. ಬಂದಿದೆ. ಆದರೆ ಅದರ ಪಕ್ಕದಲ್ಲೇ ಸಣ್ಣ ಮುಳ್ಳೊಂದು ಆಡುತ್ತಿದೆ. ಆಯಾಗೆ ಗೊತ್ತಾಯಿತು, ನನಗೆ ಆಗಲಿಲ್ಲ. ನಾಚಿಕೆಗೇಡು. ಬರೆದೆ.

ನವೆಂಬರ್ 11

ಮುಂದಿನ ನಗರದಲ್ಲಿ ಕಣ್ಣಿನ ಆಸ್ಪತ್ರೆ ಇದೆ. ಫೋನ್ ಮಾಡಿ ಹದಿನಾರಕ್ಕೆ ಸಮಯ ತೆಗೆದುಕೊಂಡೆ. ಇಲ್ಲಿಂದ 140.

"ಬಾಡಿಗೆ ಡ್ರೈವರ್ ಕರೆಸೋಣ."

"ಇನ್ನೊಬ್ಬ ಡ್ರೈವರ್ ಪಕ್ಕ ಈ ಗಾಡೀಲಿ ಕೂರಲ್ಲ."

"ಬಸ್ಸಿಗೆ?"

"ಗಾಡಿ ಇಲ್ಲಿ ಬಿಟ್ಟು ಬರಲ್ಲ."

"ಹಾಗಾದ್ರೆ ನಾನೇ ಓಡಿಸ್ತೀನಿ."

ನಕ್ಕರು. ನಾಲ್ಕು ದಿನದಲ್ಲಿ ಮೊದಲ ನಗು, ಅದೂ ನನ್ನ ಮೇಲೆ. ಲೈಸೆನ್ಸ್ ನನ್ನ ಹತ್ತಿರ ಹತ್ತೊಂಬತ್ತು ವರ್ಷದಿಂದ ಇದೆ. ಭಾನುವಾರ ಶಾಲೆಯ ಮೈದಾನದಲ್ಲಿ ಇವರೇ ಕಲಿಸಿದ್ದು. ಲೈಸೆನ್ಸ್ ಬಂದ ವಾರವೇ ಶಾಲೆಯ ಗೇಟಿಗೆ ಗುದ್ದಿ, ಅವತ್ತಿಗೇ ಓಡಿಸುವುದು ಬಿಟ್ಟೆ. ಆದರೆ ತಪ್ಪದೆ ನವೀಕರಿಸಿದ್ದೇನೆ. ಅಂಚೆಯವರು ಕಾಗದಪತ್ರ ಬಿಡುವುದಿಲ್ಲ.

ಸಂಜೆ. 9 ಕಿಲೋಮೀಟರ್. ಐದು ಸಲ ಎಂಜಿನ್ ಆಫ್ ಆಯಿತು. ಲಾರಿ ಎದುರು ಬಂದಾಗಲೆಲ್ಲ ನನ್ನ ಕಾಲು ಬ್ರೇಕಿನ ಮೇಲೆ, ಇವರ ಕಾಲು ಖಾಲಿ ನೆಲದ ಮೇಲೆ, ಇಬ್ಬರೂ ಒಟ್ಟಿಗೆ ಒತ್ತಿದೆವು. ಇಳಿದಾಗ ಸೀರೆ ಬೆನ್ನಿಗೆ ಅಂಟಿತ್ತು. "ಪೋಸ್ಟ್ ಮೇಡಂ, ಕ್ಲಚ್ ಮೇಲೆ ಕಾಲು ಇಟ್ಕೊಂಡೇ ಓಡಿಸ್ತೀರಾ," ಅಂದರು. ಅಷ್ಟೇ ಅಂದರು.

ನವೆಂಬರ್ 12

23.

ನವೆಂಬರ್ 13

36. ಒಂದು ಸೇತುವೆ ದಾಟಿದೆ. ಇವರು ಕಣ್ಣು ಮುಚ್ಚಿಕೊಂಡಿದ್ದರು. ಭಯಕ್ಕೋ ದುಃಖಕ್ಕೋ ಕೇಳಲಿಲ್ಲ. ಇನ್ನು 72.

ನವೆಂಬರ್ 14, ಬೆಳಿಗ್ಗೆ 8

ಬರೆಯಬೇಕು. ಬರೆಯದಿದ್ದರೆ ಆಮೇಲೆ ನಾನೇ ನಂಬುವುದಿಲ್ಲ.

ನೀರು ತರಲು ನಲ್ಲಿಗೆ ಹೋಗಿದ್ದೆ. ಕೀ ದಿಂಬಿನ ಕೆಳಗೆ ಮರೆತಿದ್ದೆ. ತುಂಬಿದ ಕ್ಯಾನು ಹಿಡಿದು ಬರುವಾಗ ಎಂಜಿನ್ ಸದ್ದು. ವ್ಯಾನು ಮೆಲ್ಲಗೆ ಮುಂದೆ ಸರಿಯುತ್ತಿತ್ತು. ನಲ್ಲಿಯ ಹತ್ತಿರ ಮೂರ್ನಾಲ್ಕು ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಅವರೆಲ್ಲ ವ್ಯಾನಿನ ಎಡಗಡೆಗೆ.

ಕೂಗಬಹುದಿತ್ತು. ಕೂಗಲಿಲ್ಲ. ಯಾಕೆ ಅಂತ ಈಗಲೂ ಗೊತ್ತಿಲ್ಲ. ಓಡಿ ಹೋಗಿ ವ್ಯಾನಿನ ಮುಂದೆ ನಿಂತೆ, ಎಡ ಮೂಲೆಗೆ. ಕ್ಯಾನನ್ನು ಕಾಲಿನ ಮುಂದೆ ಇಟ್ಟೆ. ಇವರ ಮುಖ ಗಾಜಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ತಿರುಗಿ ನನ್ನ ಕಡೆಗೇ ನೋಡಿದರು. ನನ್ನನ್ನೇ. ಮುಖದಲ್ಲಿ ಏನೂ ಆಗಲಿಲ್ಲ. ಖಾಲಿ ಬಯಲು ನೋಡುವ ಹಾಗೆ ನೋಡಿ, ಕ್ಲಚ್ ಬಿಟ್ಟರು.

ಬಂಪರ್ ಕ್ಯಾನಿಗೆ ತಾಗಿತು. ಕ್ಯಾನು ಒಳಕ್ಕೆ ಕುಸಿಯಿತು, ನೀರು ಚಿಮ್ಮಿ ಸೀರೆ ತೊಯ್ದಿತು. ಮೊಣಕಾಲಿಗೆ ತಣ್ಣನೆ ಲೋಹ ಮುಟ್ಟಿತು. ಯಾರೋ ಹೆಂಗಸು ಕಿರುಚಿದಳು. ಆಗ ಬ್ರೇಕ್.

ಇಳಿದು, ಗಾಡಿಯ ಮೈ ಸವರಿಕೊಂಡು ಮುಂದೆ ಬಂದರು. ನನ್ನನ್ನು ಕಂಡರು. ಒಡೆದ ಕ್ಯಾನನ್ನು ಕಂಡರು.

"ಎಷ್ಟೊತ್ತಿಂದ ಇಲ್ಲಿದ್ದೆ?"

"ನೀವು ನನ್ನ ನೋಡಿದಾಗಿಂದ."

ಅಲ್ಲೇ ಕೆಸರಿನಲ್ಲಿ ಕೂತರು. "ಒಂದು ಸುತ್ತು ಅಂತ… ಬಯಲಲ್ಲೇ ಒಂದೇ ಸುತ್ತು ಅಂತ." ಮದುವೆಯಾದ ಮೇಲೆ ಇವರು ಅತ್ತದ್ದು ಇದು ಎರಡನೇ ಸಲ. ಮೊದಲನೆಯದು ಇವರ ಅಮ್ಮ ಹೋದಾಗ. ನಾನೂ ಪಕ್ಕದಲ್ಲಿ ಕೂತೆ. ಬೈಯಬೇಕೆಂದು ಜೋಡಿಸಿಟ್ಟಿದ್ದ ಮಾತೆಲ್ಲ ಎಲ್ಲಿ ಹೋಯಿತೋ. ಮೊಣಕಾಲು ನೋಯುತ್ತಿತ್ತು. ಇವರೇ ಒತ್ತಿ ನೋಡಿ, "ಊತ ಇಲ್ಲ" ಅಂದರು.

ಇವತ್ತು ಸೊನ್ನೆ.

ನವೆಂಬರ್ 15

72. ಒಂದೇ ದಿನ. ನಗರದೊಳಗೆ ಬಂದಾಗ ಇವರು ಮೆಲ್ಲಗೆ ಹೇಳುತ್ತಾ ಹೋದರು: "ಸೆಕೆಂಡ್ ಹಾಕು. ಇಂಡಿಕೇಟರ್. ಅವ್ನು ಹೋಗ್ಲಿ ಬಿಡು, ಅವನಿಗೆ ಅವಸರ." ಕೂಗಾಡಲಿಲ್ಲ. ಮೂವತ್ತೊಂದು ವರ್ಷ ಆ ಮಕ್ಕಳು ಕೇಳಿದ ದನಿ ಇದೇ ಇರಬೇಕು. ನನಗೆ ಇವತ್ತು ಕೇಳಿಸಿತು.

ನವೆಂಬರ್ 16

ಕತ್ತಲೆ ಕೋಣೆ, ಗದ್ದ ಇಡುವ ಯಂತ್ರ, ಚುಕ್ಕಿ ಕಂಡಾಗ ಒತ್ತುವ ಗುಂಡಿ. ನಾನು ಬೆಂಚಿನ ಮೇಲೆ ಕೂತು ಗುಂಡಿಯ ಟಕ್ ಟಕ್ ಎಣಿಸಿದೆ. ಬಲಗಣ್ಣಿಗೆ ಬಹಳ ಸಲ. ಎಡಗಣ್ಣಿಗೆ ಮೌನ, ಮೌನ, ಒಂದು ಟಕ್, ಮೌನ.

ಡಾಕ್ಟರಮ್ಮ ನನಗೆ ಮಗಳಾಗುವ ವಯಸ್ಸಿನವಳು. ಎಡಗಣ್ಣಲ್ಲಿ ಹೋದದ್ದು ವಾಪಸ್ ಬರುವುದಿಲ್ಲ. ಬಲಗಣ್ಣಲ್ಲೂ ಮೂಗಿನ ಕಡೆ ಶುರುವಾಗಿದೆ, ಅದಕ್ಕೇ ಎಡಕ್ಕೆ ಮುಖ ತಿರುಗಿಸಿದರೂ ಕಾಣದೆ ಹೋಗುತ್ತದಂತೆ. ತಪ್ಪದೆ ಡ್ರಾಪ್ಸ್ ಹಾಕಿದರೆ, ಬೇಕಾದರೆ ಆಪರೇಷನ್ ಮಾಡಿದರೆ, ಉಳಿದದ್ದನ್ನು ಉಳಿಸಿಕೊಳ್ಳಬಹುದು. ಗಾಡಿ ಮುಟ್ಟುವ ಹಾಗಿಲ್ಲ.

"ಜೂನ್ ಆದ್ಮೇಲೆ ಓಡ್ಸಿದೀರಾ?"

ನಾನು ನೆಲ ನೋಡಿದೆ. ಸುಳ್ಳು ಹೇಳಲಿ ಅಂತ ಬಯಸಿದೆನೋ ಏನೋ.

"ಓಡ್ಸಿದೀನಮ್ಮ. ಸ್ಕೂಲ್ ವ್ಯಾನ್. ಹದಿನಾಲ್ಕು ಮಕ್ಕಳು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. ಆಮೇಲೆ ಮೊದಲ ಡ್ರಾಪ್ ತಾನೇ ಹಾಕಿದಳು.

ನವೆಂಬರ್ 17, ಬೆಳಿಗ್ಗೆ 11

ಆಸ್ಪತ್ರೆಯ ಹಿಂದಿನ ರಸ್ತೆ. ಹೊರಡಲು ಎಲ್ಲ ತಯಾರು. ಸಮುದ್ರಕ್ಕೆ ಇನ್ನೂ ಆರುನೂರು ಚಿಲ್ಲರೆ. ನಲವತ್ತು ನಲವತ್ತರಂತೆ ಹೋದರೂ ಹದಿನೈದು ಹದಿನಾರು ದಿನ. ತಮ್ಮನಿಗೆ ಈ ಸಲ ನಿಜ ಹೇಳಿದೆ. "ನಿಧಾನ ಬಾ ಅಕ್ಕಾ, ಸಮುದ್ರ ಎಲ್ಲೂ ಹೋಗಲ್ಲ," ಅಂದ.

ಇವರು "ಒಂದು ನಿಮಿಷ" ಅಂತ ಫೋನ್ ಹಿಡಿದು ಕೆಳಗಿಳಿದರು. ಹೆಡ್‌ಮಿಸ್ಟ್ರೆಸ್‌ಗೆ. ನಾನು ಹೇಳಿಕೊಟ್ಟದ್ದಲ್ಲ. ಗಾಜಿನಾಚೆ ಬೆನ್ನು ಕಾಣುತ್ತಿತ್ತು. ಅವರ ಆಫೀಸಿನಲ್ಲೇ ನಿಂತವರ ಹಾಗೆ ನೆಟ್ಟಗೆ, ಒಂದು ಕೈ ಹಿಂದೆ ಕಟ್ಟಿಕೊಂಡು. ಹನ್ನೊಂದು ನಿಮಿಷ.

ಬಂದು ಕೂತರು.

"ಹೇಳ್ದೆ."

"ಏನಂದ್ರು?"

"ಪೂರ್ತಿ ಕೇಳಿಸ್ಕೊಂಡ್ರು. ಹೊಸ ಡ್ರೈವರಿಗೆ ಕಣ್ಣು ಟೆಸ್ಟ್ ಮಾಡಿಸ್ತೀನಿ ಅಂದ್ರು. ನನ್ನ ವಿಷಯ ಕಮಿಟಿ ಮುಂದೆ ಇಡಲೇಬೇಕಂತೆ. ಇಡ್ಲಿ. ಆಯಾದು ತಪ್ಪಿಲ್ಲ, ಅವಳನ್ನ ಏನೂ ಅನ್ಬೇಡಿ ಅಂತ ಕೇಳ್ಕೊಂಡೆ." ಫೋನನ್ನು ತೊಡೆಯ ಮೇಲಿಟ್ಟು, "ಅವಳ ಮುಖ ನೋಡೋ ಧೈರ್ಯ ಇಲ್ಲ ನನಗೆ."

ಡ್ರಾಪ್ಸ್ ಹಾಕಿದೆ. ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದ್ದಾರೆ. ಐದು ನಿಮಿಷ ತೆರೆಯುವ ಹಾಗಿಲ್ಲ. ಅಷ್ಟರಲ್ಲಿ ಇದನ್ನು ಬರೆಯುತ್ತಿದ್ದೇನೆ.

ಫೋನ್ ಬಡಿದುಕೊಳ್ಳುತ್ತಿದೆ. ಆಯಾ. ಇಷ್ಟು ಬೇಗ ಸುದ್ದಿ ಮುಟ್ಟಿತೇ. ಇವರು ಕಣ್ಣು ಮುಚ್ಚಿಕೊಂಡೇ ಫೋನನ್ನು ನನ್ನ ಕಡೆ ಚಾಚಿದ್ದಾರೆ. "ನೀನೇ ಎತ್ತು." ನಾಲ್ಕು ತಿಂಗಳು ನನ್ನ ಮನೆಯ ಮನುಷ್ಯನನ್ನೂ ಹದಿನಾಲ್ಕು ಮನೆಯ ಮಕ್ಕಳನ್ನೂ ಕಾಯ್ದವಳು. ಅವಳಿಗೆ ನಾನು ಮೊದಲು ಏನು ಹೇಳಬೇಕು, ಬೈಯಬೇಕೋ, ಕಾಲಿಗೆ ಬೀಳಬೇಕೋ… ಎತ್ತುತ್ತೇನೆ.