ಮಾವನ ಅರಬಿ

ಖಸಬ್, ಒಮಾನ್
೧೪ ನವೆಂಬರ್ ೨೦೨೪, ಗುರುವಾರ

ಪ್ರೀತಿಯ ಅಳಿಯ ವಿಕಾಸಾ,

ಮಾವನ ಆಶೀರ್ವಾದಗಳು. ನಾನು ಕ್ಷೇಮ. ಸಲಾಲಾಕ್ಕೆ ಹೋದ ಮೇಲೆ ನಿನ್ನ ಕೆಮ್ಮು ಕಡಿಮೆಯಾಯಿತೇ? ಹೊಸ ಅಂಗಡಿಯಲ್ಲಿ ಎಸಿಯ ಅಡಿಯಲ್ಲೇ ಕೂರಬೇಡ. ಅಲ್ಲಿಯ ಎಳನೀರು ನಮ್ಮೂರು ಉಚ್ಚಿಲದ್ದರಷ್ಟೇ ಸಿಹಿಯಂತೆ, ದಿನಾ ಕುಡಿ. ಫೋನಿನಲ್ಲಿ ಹೇಳೋಣವೆಂದರೆ ನೀನು ನಡುವೆ ಬಾಯಿ ಹಾಕುತ್ತೀ. ತುಳುವಿನಲ್ಲಿ ಬೈದು ಅಭ್ಯಾಸವುಂಟು, ಬರೆದು ಇಲ್ಲ. ಹಾಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಈ ಬಲೆ, ಹಗ್ಗ, ದೋಣಿ ಎಂಜಿನ್ನಿನ ಅಂಗಡಿಗೆ ನಿನ್ನನ್ನು ಕರೆತಂದವನು ನಾನು. ಮೊದಲ ಅರಬಿ ಕಲಿಸಿದವನೂ ನಾನೇ. ಬಂಗಾಳಿ, ಪಠಾಣ, ಮಲಯಾಳಿ ಎಲ್ಲರೂ ಸೇರಿ ಮುರಿದು ಕಟ್ಟಿಕೊಂಡ ಬಂದರಿನ ಅರಬಿ ಅದು. ನೀನು ಅಲ್ಲಿಗೇ ನಿಲ್ಲಲಿಲ್ಲ. ಲೋಡಿಂಗಿನವರ ಹತ್ತಿರ ನನ್ನ ಹಾಗೆ, ಗಿರಾಕಿಗಳ ಹತ್ತಿರ ಇನ್ನಷ್ಟು ತಿದ್ದಿ, ಅಂಗಡಿಯ ಧಣಿ ಅರಬಾಬನ ಹತ್ತಿರ ಒಮಾನಿಗಳ ಹಾಗೆಯೇ ಮಾತಾಡುವುದನ್ನು ಕಲಿತೆ. ನನಗೆ ಎಲ್ಲರ ಹತ್ತಿರವೂ ಒಂದೇ ಅರಬಿ. ಆದರೂ ನಿನ್ನನ್ನು ಕೇಳುತ್ತಾ ಎಷ್ಟು ಹಿಗ್ಗುತ್ತಿದ್ದೆ, ಪಕ್ಕದ ಅಂಗಡಿಯ ಗ್ಲಾಡ್ವಿನನನ್ನು ಕೇಳು.

ತೀರಿಕೊಂಡ ಮುದುಕ ಅರಬಾಬ ನನ್ನ ಹತ್ತಿರ ನನ್ನ ಅರಬಿಯಲ್ಲೇ ಮಾತಾಡುತ್ತಿದ್ದ. ಈಗ ಮಗನ ಕಾಲ. ಹೋದ ವಾರ, ನೀನು ಸಲಾಲಾಕ್ಕೆ ಹೊರಡುವ ಮುಂಚೆ, ಅವನು ನಮ್ಮಿಬ್ಬರನ್ನೂ ಒಳಗೆ ಕರೆದಾಗ ನೀನು ಬಾಗಿಲಲ್ಲೇ, "ಈರ್ ಪಾತೆರೊಡ್ಚಿ ತಮ್ಮಲೇ, ಯಾನ್ ಪನ್ಪೆ" ಎಂದೆ. ನೀವು ಮಾತಾಡುವುದು ಬೇಡ ಮಾವ, ನಾನು ಹೇಳುತ್ತೇನೆ ಎಂದಾಗ ನಂಬಿದೆ. ನಾನು ಹೇಳಿಕೊಟ್ಟದ್ದು ಇಷ್ಟೇ: ಎಂಜಿನ್ ಎತ್ತಲು ಇನ್ನಾಗದು, ಕೌಂಟರಿನಲ್ಲಿ ಕೂರಿಸಿ, ಇಲ್ಲಿಯ ಮೀನುಗಾರರೆಲ್ಲ ನನ್ನ ಗುರುತಿನವರು. ನೀನು ಅವನಿಗೆ ಹೇಳಿದ್ದೇನು? ಮಾವನಿಗೆ ಸುಸ್ತಾಗಿದೆ, ಕೆಲಸ ಸಾಕಾಗಿದೆ, ಊರಿಗೆ ಕಳಿಸಿಬಿಡಿ ಎಂದು. ಅವನು ಪಾಪ, ನನ್ನ ಹೆಗಲು ತಟ್ಟಿ "ಖಲಾಸ್" ಎಂದ, ಅಲ್ಲಿಗೆ ನನ್ನ ಕೆಲಸ ಮುಗಿಯಿತು.

ನಿನ್ನ ಹಾಗೆ ಮಾತಾಡಲು ನನಗೆ ಬಾರದು, ನಿಜ. ಕೇಳಿದರೆ ತಿಳಿಯದೆಂದು ನಿನಗೆ ಹೇಳಿದವರು ಯಾರು? ಹೊರಗಿನವನ ಎದುರು ತಂಗಿಯ ಮಗನನ್ನು ಸುಳ್ಳುಗಾರ ಎನ್ನಲಾಗದೆ ತಲೆಯಾಡಿಸಿ ಬಂದೆ. ನಾನು ಬಾಯಿ ತೆರೆದರೆ ದೊಡ್ಡವರು ನಗುತ್ತಾರೆ, ಇವನ ಅಳಿಯ ಎನ್ನಿಸಿಕೊಳ್ಳಲು ನಿನಗೆ ನಾಚಿಕೆ. ಅಷ್ಟು ನನಗೆ ಗೊತ್ತಾಗಿದೆ. ನಾಚಿಕೆಪಡು, ಬೇಡ ಎನ್ನುವುದಿಲ್ಲ. ನನ್ನ ಬಾಯಿಯನ್ನೇ ಇಸಕೊಂಡು ನನ್ನ ಅನ್ನ ಕಿತ್ತೆಯಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತದೆ. ಗಿಣಿಯೆಂದು ಸಾಕಿದ್ದು ಹದ್ದಾಗಿ ಕುಕ್ಕಿತು.

ನಿನ್ನ ಅಮ್ಮನಿಗೆ ಇದೊಂದನ್ನೂ ಹೇಳಿಲ್ಲ. ತಂಗಿ ಅಪ್ಪಿ ಫೋನಿನಲ್ಲಿ ನಿನ್ನದೇ ಗುಣಗಾನ ಮಾಡುತ್ತಾಳೆ, ನಾನು ಹೂಂಗುಟ್ಟುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ದೈವಗಳು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇತಿ ನಿನ್ನ ಮಾವ,
ಸೇಸಪ್ಪ

ಮರೆತಿದ್ದೆ: ಇದರ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಿದ್ದೇನೆ, ಕೂಡಲೇ ಓದು. ಇವತ್ತು ಬೆಳಿಗ್ಗೆ ನಾನೇ ಅರಬಾಬನ ಕೋಣೆಗೆ ಹೋಗಿ "ಅನಾ ಮಾಫಿ ತಾಬಾನ್, ಅನಾ ಮಾಫಿ ರೂಹ್" ಎಂದೆ. ಸುಸ್ತಿಲ್ಲ, ಹೋಗುವುದಿಲ್ಲ ಎಂದು. ಅವನು ನಗಲಿಲ್ಲ. ಹಾಗಾದರೆ ವಿಕಾಸ್ ಹೇಳಿದ್ದು ಸುಳ್ಳೇ ಎಂದು ಕೇಳಿದ. ಅವನನ್ನೇ ಕೇಳಿ ಎಂದೆ. ಭಾನುವಾರ ನನ್ನನ್ನು ಎದುರಿಗೆ ಕೂರಿಸಿಕೊಂಡು ನಿನಗೇ ಫೋನ್ ಮಾಡಿ ಕೇಳುತ್ತಾನಂತೆ. ನಿನಗೆ ಬೇಕಾದ ಅರಬಿಯಲ್ಲಿ ಹೇಳು, ನಾನು ಕೇಳುತ್ತಿರುತ್ತೇನೆ.